ಕಾಟಾದ ಕೆಂಪು ಅಂಕಿಯ ಹಿಂದೆ

ಸಂಕ್ರಾಂತಿಯ ಆಸುಪಾಸಿನಲ್ಲಿ ತೊಗರಿ ರಾಶಿ ಮುಗಿಯುತ್ತದೆ. ಬೀದರ ಜಿಲ್ಲೆಯ ಕೊಹಿನೂರ ಹೋಬಳಿಯ ರೈತರು ಚೀಲ ಹೇರಿಕೊಂಡು ಬಸವಕಲ್ಯಾಣದ ಮಾರುಕಟ್ಟೆಗೋ ಹುಮನಾಬಾದಿನ ಮಾರುಕಟ್ಟೆಗೋ ಹೊರಡುತ್ತಾರೆ. ಅಡತ್ ಅಂಗಡಿಯ ಮುಂದೆ ಹಮಾಲರು ಚೀಲ ತಂದು ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಟ್ಟರೆಂದರೆ ಕೆಂಪು ಅಂಕಿಗಳು ಅತ್ತಿತ್ತ ಓಡಾಡಿ ಒಂದು ಕಡೆ ನಿಲ್ಲುತ್ತವೆ. ಹೊಲದ ಆರು ತಿಂಗಳ ದುಡಿಮೆಗೆ ಎಷ್ಟು ಹಣ ಎಂಬುದನ್ನು ಆ ಅಂಕಿಯೇ ತೀರ್ಮಾನಿಸುತ್ತದೆ.

ಅಂಕಿ ಬರುವ ದಾರಿ ಹೀಗಿದೆ. ಕಾಟಾದ ತಟ್ಟೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡೊಂದು ಕೂತಿರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿರುವ ಸ್ಟ್ರೇನ್ ಗೇಜ್‌ಗಳ ವಿದ್ಯುತ್ ರೋಧವೂ ಅಷ್ಟೇ ಕೊಂಚ ಬದಲಾಗುತ್ತದೆ. 5 ವೋಲ್ಟ್ ಕೊಟ್ಟು, ಪೂರ್ತಿ ಭಾರ ಹೇರಿದರೂ ಹೊರಬರುವುದು ಸಾಮಾನ್ಯವಾಗಿ 10 ಮಿಲಿವೋಲ್ಟ್ ಮಾತ್ರ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಎಡಿಸಿ ಎಂಬ ಚಿಪ್ ಆ ವೋಲ್ಟೇಜನ್ನು ಸೊನ್ನೆ ಒಂದುಗಳ ಸಾಲಾಗಿ ಮಾಡುತ್ತದೆ. ಪ್ರೊಸೆಸರ್ ಅದರಲ್ಲಿ ಖಾಲಿ ತಟ್ಟೆಯ ಪಾಲು ಕಳೆದು, ಉಳಿದದ್ದನ್ನು ಕಿಲೋಗೆ ತಂದು, ಏಳು ಕಡ್ಡಿಗಳ ಡಿಸ್‌ಪ್ಲೇಯಲ್ಲಿ ಯಾವ ಕಡ್ಡಿ ಉರಿಯಬೇಕು ಎಂದು ಹೇಳುತ್ತದೆ.

100 ಕಿಲೋ ಅಳೆಯುವ ಕಾಟಾಕ್ಕೆ ಕಾಲೇಜಿನ ಲ್ಯಾಬಿನಲ್ಲಿ ಸಿಗುವ 8 ಬಿಟ್ ಎಡಿಸಿ ಹಾಕಿದೆವು ಎಂದುಕೊಳ್ಳೋಣ. 8 ಬಿಟ್ ಎಂದರೆ 256 ಮೆಟ್ಟಿಲು. ಒಂದು ಮೆಟ್ಟಿಲಿಗೆ ಸುಮಾರು 390 ಗ್ರಾಂ. 2025-26ರ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಅಂದರೆ ಒಂದು ಮೆಟ್ಟಿಲು ಆಚೀಚೆಯಾದರೆ ಚೀಲಕ್ಕೆ 31 ರೂಪಾಯಿ ಯಾರದೋ ಕೈತಪ್ಪುತ್ತದೆ. 10 ಬಿಟ್ ಎಡಿಸಿ ಹಾಕಿದರೆ ಮೆಟ್ಟಿಲುಗಳು 1,024 ಆಗಿ, ವ್ಯತ್ಯಾಸ 8 ರೂಪಾಯಿಗೆ ಇಳಿಯುತ್ತದೆ. ಅದೂ ಸಾಲದೆಂದೇ ತೂಕದ ಯಂತ್ರಗಳಿಗೆ 24 ಬಿಟ್‌ನ ಎಚ್‌ಎಕ್ಸ್ 711 ತರಹದ ಚಿಪ್‌ಗಳು ಬಂದಿವೆ. ‘ಎಡಿಸಿ ರೆಸಲ್ಯೂಷನ್ ಎಂದರೇನು?’ ಎಂದು ವೈವಾದಲ್ಲಿ ಕೇಳಿದಾಗ ಕಂಠಪಾಠದ ಉತ್ತರ ಒಪ್ಪಿಸುವ ಹುಡುಗನಿಗೆ ಈ 31 ರೂಪಾಯಿಯ ಲೆಕ್ಕ ಒಮ್ಮೆ ಮಾಡಿಸಿದರೆ ಸಾಕು, ಅದು ಮತ್ತೆ ಮರೆಯುವ ಮಾತಲ್ಲ.

ಕಾಟಾದ ಒಳಗಿನ ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ಬಿಡಿಬಿಡಿಯಾಗಿ ಕಲಿಯುತ್ತಾರೆ. ಕೊಹಿನೂರ ಸುತ್ತಿನ ಮಕ್ಕಳಿಗೆ ಇದನ್ನು ಕಲಿಯಲು ಹತ್ತಿರದಲ್ಲೇ ಬಸವಕಲ್ಯಾಣ ಇಂಜಿನಿಯರಿಂಗ್ ಕಾಲೇಜು ಇದೆ. ಬೀದರಿನಲ್ಲಿ 1980ರಲ್ಲಿ ಆರಂಭವಾದ ಗುರುನಾನಕ್ ದೇವ್ ಕಾಲೇಜು, ಭಾಲ್ಕಿಯಲ್ಲಿ ಮೊದಲು ರೂರಲ್ ಇಂಜಿನಿಯರಿಂಗ್ ಕಾಲೇಜು ಎನಿಸಿಕೊಂಡಿದ್ದ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ, ಕಲಬುರಗಿಯಲ್ಲಿ 1958ರ ಪಿಡಿಎ ಕಾಲೇಜು ಇವೆ. ಒಂದು ಕಾಲಕ್ಕೆ ಈ ಭಾಗದ ಇಂಜಿನಿಯರಿಂಗ್ ಪದವಿಗಳು ಗುಲಬರ್ಗಾ ವಿಶ್ವವಿದ್ಯಾಲಯದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹುಟ್ಟಿದ ಮೇಲೆ ರಾಜ್ಯಕ್ಕೆಲ್ಲ ಒಂದೇ ಸಿಲಬಸ್ ಬಂತು. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಜಾರಿಯಾದ ಮೇಲೆ ಬೆಂಗಳೂರು, ಮೈಸೂರುಗಳ ಕಾಲೇಜು ಸೇರುವ ದಾರಿಯೂ ಅಗಲವಾಯಿತು. ಎಲ್ಲಿಗೇ ಹೋಗಲಿ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಓದುವವರಿಗೆ ಈ ಬಗೆಯ ಲ್ಯಾಬು ತಪ್ಪಿದ್ದಲ್ಲ.

ಈ ಲ್ಯಾಬಿನ ಕಲಿಕೆಯಲ್ಲಿ ಎರಡು ಭಾಗವಿದೆ: ಪ್ರೋಗ್ರಾಮಿಂಗ್ ಮತ್ತು ಇಂಟರ್‌ಫೇಸಿಂಗ್. ಮೊದಲನೆಯದು ಪ್ರೊಸೆಸರ್‌ಗೆ ಹೇಳುವ ಮಾತು. ಎರಡನೆಯದು ಆ ಪ್ರೊಸೆಸರ್ ಹೊರಗಿನ ಸ್ವಿಚ್ಚು, ಮೋಟರು, ದೀಪ, ಬಿಸಿ, ಭಾರಗಳೊಡನೆ ನಡೆಸುವ ವ್ಯವಹಾರ. ನಮ್ಮ ಕಾಲೇಜುಗಳಲ್ಲಿ ಮೊದಲನೆಯ ಭಾಗ ತಕ್ಕಮಟ್ಟಿಗೆ ನಡೆಯುತ್ತದೆ. ಎರಡನೆಯದು ಮಾತ್ರ ಇಂಟರ್‌ಫೇಸ್ ಕಾರ್ಡಿನ ಅಂಚಿಗೆ ಬಂದು ನಿಂತುಬಿಡುತ್ತದೆ. ನನ್ನ ವಾದವೆಲ್ಲ ಇಷ್ಟೇ: ಆ ಅಂಚಿನಿಂದ ಆಚೆ ಇರುವುದು ಕೊಹಿನೂರ, ಹುಮನಾಬಾದ, ಬಸವಕಲ್ಯಾಣಗಳ ಬದುಕು. ಲ್ಯಾಬಿನ ವೈರು ಅಲ್ಲಿಯವರೆಗೆ ಹೋಗಬೇಕು.

ಒಬ್ಬ ವಿದ್ಯಾರ್ಥಿ ಪೂರ್ತಿ ತಿಳಿಯಬಹುದಾದ ಯಂತ್ರ

ಮೈಕ್ರೋಪ್ರೊಸೆಸರ್ ಹುಟ್ಟಿದ್ದೇ ಇಂಟರ್‌ಫೇಸಿಂಗ್ ಕೆಲಸಕ್ಕೆ. ಜಪಾನಿನ ಬ್ಯುಸಿಕಾಮ್ ಕಂಪನಿಗೆ ಲೆಕ್ಕದ ಯಂತ್ರ ಮಾಡಲು ಚಿಪ್ ಬೇಕಿತ್ತು. ಗುಂಡಿ ಒತ್ತಿದ್ದನ್ನು ಓದಬೇಕು, ಲೆಕ್ಕ ಹಾಕಬೇಕು, ಅಂಕಿ ಅಚ್ಚು ಹಾಕಬೇಕು. ಅದಕ್ಕೆಂದು ಇಂಟೆಲ್‌ನ ಟೆಡ್ ಹಾಫ್, ಸ್ಟ್ಯಾನ್ ಮೇಜರ್, ಫೆಡೆರಿಕೊ ಫ್ಯಾಜಿನ್ ಮತ್ತು ಬ್ಯುಸಿಕಾಮ್‌ನ ಮಸತೋಶಿ ಶಿಮಾ ಸೇರಿ ರೂಪಿಸಿದ 4004 ಚಿಪ್ 1971ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿದ್ದದ್ದು 2,300 ಟ್ರಾನ್ಸಿಸ್ಟರ್. 1974ರಲ್ಲಿ 8080 ಬಂತು. ಅದಕ್ಕೆ ಮೂರು ಬಗೆಯ ವೋಲ್ಟೇಜ್ ಬೇಕಿತ್ತು. 1976ರಲ್ಲಿ ಬಂದ 8085ಕ್ಕೆ 5 ವೋಲ್ಟ್ ಒಂದೇ ಸಾಕಾಯಿತು. ಹೆಸರಿನ ಕೊನೆಯ 5 ಅದರದ್ದೇ ಗುರುತು. 1978ರಲ್ಲಿ 16 ಬಿಟ್‌ನ 8086 ಬಂತು.

ಭಾರತದ ಕಾಲೇಜುಗಳಲ್ಲಿ 8085 ಬೇರೂರಿದ್ದಕ್ಕೆ ಕಾರಣಗಳಿವೆ. ರಮೇಶ್ ಗಾಂವ್‌ಕರ್ ಅವರ ಪಠ್ಯಪುಸ್ತಕ ಒಂದು ಕಾರಣ. ಸುಲಭವಾಗಿ ಸಿಕ್ಕ ಕಿಟ್‌ಗಳು ಇನ್ನೊಂದು. ಬೆಂಗಳೂರಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್ ತಯಾರಿಸಿದ ‘ಇಎಸ್‌ಎ’ ಕಿಟ್ಟನ್ನು ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿದ ಅನೇಕರು ಮುಟ್ಟಿದ್ದಾರೆ. ಹಸಿರು ಬೋರ್ಡು, ಒಂದು ಪುಟ್ಟ ಕೀಪ್ಯಾಡು, ಆರು ಅಂಕಿಗಳ ಡಿಸ್‌ಪ್ಲೇ: ನಾಲ್ಕು ಅಂಕಿ ವಿಳಾಸಕ್ಕೆ, ಎರಡು ಅಂಕಿ ಅಲ್ಲಿರುವ ಸರಕಿಗೆ. ಪರದೆ ಇಲ್ಲ, ಮೌಸ್ ಇಲ್ಲ.

‘ಇಷ್ಟು ಹಳೆಯದನ್ನು ಈಗ ಯಾಕೆ ಕಲಿಯಬೇಕು?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಆ ಚಿಪ್ಪಿನ ಗಾತ್ರದಲ್ಲಿದೆ. 40 ಕಾಲುಗಳು, ಸುಮಾರು 6,500 ಟ್ರಾನ್ಸಿಸ್ಟರ್, 74 ಬಗೆಯ ಆಜ್ಞೆಗಳು, 16 ವಿಳಾಸದ ಗೆರೆಗಳು, ಆದ್ದರಿಂದ 65,536 ಮನೆಗಳ ಮೆಮೊರಿ. ಒಂದು ಸೆಮಿಸ್ಟರ್ ಶ್ರದ್ಧೆಯಿಂದ ಕೂತರೆ ಇಪ್ಪತ್ತರ ಹುಡುಗಿಯೊಬ್ಬಳು ಈ ಯಂತ್ರವನ್ನು ಒಳಗಿನಿಂದ ಹೊರಗಿನವರೆಗೆ ಪೂರ್ತಿ ತಿಳಿದುಕೊಳ್ಳಬಲ್ಲಳು. ಈಗಿನ ಫೋನಿನ ಚಿಪ್ಪಿನಲ್ಲಿ ಸಾವಿರಾರು ಕೋಟಿ ಟ್ರಾನ್ಸಿಸ್ಟರ್‌ಗಳಿರುತ್ತವೆ. ಅದನ್ನು ರೂಪಿಸಿದ ತಂಡದಲ್ಲೂ ಪೂರ್ತಿ ತಿಳಿದ ಒಬ್ಬರು ಇರುವುದಿಲ್ಲ. ಯಂತ್ರವೊಂದು ತನಗೆ ಸಂಪೂರ್ಣ ಅರ್ಥವಾಗಿದೆ ಎಂಬ ಅನುಭವ ಜೀವನದಲ್ಲಿ ಒಮ್ಮೆಯಾದರೂ ಆಗಬೇಕು. ಆಮೇಲಿನ ದೊಡ್ಡ ಯಂತ್ರಗಳ ಮುಂದೆ ಹೆದರಿಕೆ ಹುಟ್ಟುವುದಿಲ್ಲ.

ಕಿಟ್ಟಿನ ಮೊದಲ ಪಾಠ ಎರಡು ಸಂಖ್ಯೆ ಕೂಡಿಸುವುದು. ಪ್ರೋಗ್ರಾಮನ್ನು ಮೊದಲು ಕಾಗದದ ಮೇಲೆ ಬರೆದು, ಪುಸ್ತಕದ ಹಿಂದಿನ ಪಟ್ಟಿ ನೋಡಿ ಒಂದೊಂದು ಆಜ್ಞೆಗೂ ಅದರ ಸಂಕೇತ ಹುಡುಕಬೇಕು. ನಂತರ ಕಿಟ್ಟಿನಲ್ಲಿ 8000ನೇ ಮನೆಯಿಂದ ಒಂದೊಂದಾಗಿ ತುಂಬಬೇಕು: 3ಇ 09, 06 03, 80, 32 00 81, 76. ಇದರ ಅರ್ಥ: ಎ ರಿಜಿಸ್ಟರಿನಲ್ಲಿ 9 ಇಡು, ಬಿ ರಿಜಿಸ್ಟರಿನಲ್ಲಿ 3 ಇಡು, ಎರಡನ್ನೂ ಕೂಡಿಸು, ಬಂದದ್ದನ್ನು 8100ನೇ ಮನೆಗೆ ಹಾಕು, ನಿಲ್ಲು. ವಿಳಾಸವನ್ನು 81 00 ಎಂದು ಬರೆಯದೆ 00 81 ಎಂದು ತಿರುಗಿಸಿ ಬರೆಯುವುದು ಇಂಟೆಲ್ ಪದ್ಧತಿ. ಇಲ್ಲಿ ಎಡವಿದವನ ಉತ್ತರ 0081ನೇ ಮನೆ ಹುಡುಕಿಕೊಂಡು ಹೋಗುತ್ತದೆ, 8100ರಲ್ಲಿ ಹಳೆಯ ಕಸವೇ ಇರುತ್ತದೆ. ‘ಸರ್, ಔಟ್‌ಪುಟ್ ಬರ್ಲಾಕ್ ಹತ್ತಿಲ್ರೀ’ ಎಂಬ ಕೂಗು ಆಗ ಏಳುತ್ತದೆ.

ಸರಿಯಾಗಿ ತುಂಬಿದರೂ ಉತ್ತರ 12 ಎಂದು ಬರುವುದಿಲ್ಲ. ‘0ಸಿ’ ಎಂದು ಬರುತ್ತದೆ. ಹದಿನಾರರ ಲೆಕ್ಕದಲ್ಲಿ ಹನ್ನೆರಡಕ್ಕೆ ಹೆಸರು ಸಿ. ಪ್ರೊಸೆಸರ್‌ಗೆ ಹತ್ತರ ಲೆಕ್ಕ ತಾನಾಗಿ ಗೊತ್ತಿಲ್ಲ. ಕೂಡಿಸುವ 80ರ ನಂತರ 27 ಎಂಬ ಇನ್ನೊಂದು ಸಂಕೇತ ಸೇರಿಸಿದರೆ, ಬಲಗಡೆಯ ಅಂಕಿ 9ನ್ನು ದಾಟಿದೆಯೇ ನೋಡಿ, ದಾಟಿದ್ದರೆ 6 ಕೂಡಿಸಿ 12 ಎಂದು ತೋರಿಸುತ್ತದೆ. ಕಾಟಾದ ಮೇಲೆ ರೈತನ ಕಣ್ಣಿಗೆ 12 ಕಾಣಬೇಕಾದರೆ ಒಳಗೆ ಎಲ್ಲೋ ಹೀಗೆ ಹದಿನಾರರಿಂದ ಹತ್ತಕ್ಕೆ ತಿರುಗಿಸುವ ಕೆಲಸ ನಡೆದಿರಲೇಬೇಕು.

ಮುಂದಿನ ಅಚ್ಚರಿ ಕಾಲದ್ದು. ದೀಪವೊಂದು ಅರ್ಧ ಸೆಕೆಂಡಿಗೊಮ್ಮೆ ಮಿನುಗಬೇಕು. ಪ್ರೊಸೆಸರ್‌ಗೆ ಗಡಿಯಾರ ಓದಲು ಬರುವುದಿಲ್ಲ, ಆದರೆ ಪ್ರತಿ ಆಜ್ಞೆಗೂ ಅದು ತೆಗೆದುಕೊಳ್ಳುವ ಹೊತ್ತು ನಿಗದಿಯಾಗಿದೆ. 3 ಮೆಗಾಹರ್ಟ್ಸ್ ವೇಗದಲ್ಲಿ ಒಂದು ಮಿಡಿತ ಒಂದು ಮೈಕ್ರೋಸೆಕೆಂಡಿನ ಮೂರನೇ ಒಂದು ಭಾಗ. ಎಣಿಕೆ ಒಂದು ಇಳಿಸಿ, ಸೊನ್ನೆಯಾಯಿತೇ ನೋಡಿ, ಆಗಿಲ್ಲದಿದ್ದರೆ ಹಿಂದಕ್ಕೆ ಜಿಗಿಯುವ ನಾಲ್ಕು ಆಜ್ಞೆಗಳ ಸುತ್ತಿಗೆ 24 ಮಿಡಿತ, ಅಂದರೆ 8 ಮೈಕ್ರೋಸೆಕೆಂಡ್. ಇದನ್ನು 65,535 ಸಲ ಸುತ್ತಿಸಿದರೆ ಅರ್ಧ ಸೆಕೆಂಡಿಗೆ ಕೊಂಚ ಹೆಚ್ಚು. ಕೆಲಸಕ್ಕೆ ಬಾರದ ಎಣಿಕೆಯಿಂದಲೇ ಕಾಲವನ್ನು ಅಳೆಯಬಹುದು ಎಂದು ಕಾಗದದ ಮೇಲೆ ಲೆಕ್ಕ ಹಾಕಿ, ಕೈಗಡಿಯಾರ ಹಿಡಿದು ದೀಪ ನೋಡಿ, ಎರಡೂ ತಾಳೆಯಾದಾಗ ಆಗುವ ಸಂತೋಷ ದೊಡ್ಡದು. ಪೈಥಾನಿನಲ್ಲಿ ‘ಸ್ಲೀಪ್’ ಎಂದು ಒಂದು ಸಾಲು ಬರೆದವರಿಗೆ ಇದು ಸಿಗಲಾರದು.

ಬೆಂಕಿ, ನೆರವು ಮತ್ತು ಲಿಫ್ಟು

ಈಗ ಹೊರಗಿನ ಲೋಕ. ಪ್ರೊಸೆಸರ್ ತಾನೇ ಹೋಗಿ ದೀಪಕ್ಕೋ ಮೋಟರಿಗೋ ಸೇರಿಕೊಳ್ಳುವುದಿಲ್ಲ. ನಡುವೆ 8255 ಎಂಬ ಚಿಪ್ ಇದೆ. ಅದಕ್ಕೆ ಎ, ಬಿ, ಸಿ ಎಂಬ ಮೂರು ಪೋರ್ಟ್, ಒಂದೊಂದರಲ್ಲೂ ಎಂಟು ಗೆರೆ. ಯಾವ ಪೋರ್ಟ್ ಕೇಳಬೇಕು, ಯಾವುದು ಹೇಳಬೇಕು ಎಂಬುದನ್ನು ಮೊದಲು ಕಂಟ್ರೋಲ್ ವರ್ಡ್ ಬರೆದು ಗೊತ್ತುಮಾಡಬೇಕು. 80 ಎಂದು ಬರೆದರೆ ಮೂರೂ ಹೊರಕ್ಕೆ ಹೇಳುವ ಪೋರ್ಟ್‌ಗಳು. ಈ ಒಂದು ಸಾಲು ಮರೆತರೆ ಉಳಿದ ಪ್ರೋಗ್ರಾಮ್ ಎಷ್ಟೇ ಚೆನ್ನಾಗಿದ್ದರೂ ದೀಪ ಹತ್ತುವುದಿಲ್ಲ.

ವಿಟಿಯುವಿನ 2010ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಈ ಲ್ಯಾಬಿನ ಎರಡು ಪ್ರಶ್ನೆಗಳು ಈಗಲೂ ನೆನಪಿರುತ್ತವೆ. ಒಂದು, ಏಳು ಕಡ್ಡಿಗಳ ಡಿಸ್‌ಪ್ಲೇ ಮೇಲೆ ‘ಫೈರ್’ ಮತ್ತು ‘ಹೆಲ್ಪ್’ ಎಂಬ ಇಂಗ್ಲಿಷ್ ಪದಗಳನ್ನು ಒಂದಾದ ಮೇಲೊಂದು ಮಿನುಗಿಸುವುದು. ಇನ್ನೊಂದು, ಲಿಫ್ಟಿನ ಕಾರ್ಡು: ಮೊದಲು ಲಿಫ್ಟ್ ನೆಲಮಹಡಿಯಲ್ಲಿರಬೇಕು, ಯಾವುದೋ ಮಹಡಿಯಿಂದ ಕರೆ ಬಂದರೆ ಅಲ್ಲಿಗೆ ಹೋಗಿ, ಒಂದೆರಡು ಸೆಕೆಂಡ್ ಕಾದು, ಮತ್ತೆ ನೆಲಮಹಡಿಗೆ ಇಳಿಯಬೇಕು. ಲಿಫ್ಟ್ ಎಂದರೆ ಅಲ್ಲಿ ಒಂದು ಸಾಲು ದೀಪಗಳು, ಅಷ್ಟೆ.

ಮೊದಲನೆಯ ಪ್ರಶ್ನೆ ನನಗೆ ಇಷ್ಟ. ಕಡ್ಡಿಗಳಿಗೆ 1, 2, 4, 8 ಎಂದು ಬೆಲೆ ಕೊಟ್ಟು, ಅಕ್ಷರಕ್ಕೆ ಬೇಕಾದ ಕಡ್ಡಿಗಳನ್ನು ಕೂಡಿಸಿದರೆ, ಹದಿನಾರರ ಲೆಕ್ಕದಲ್ಲಿ ‘ಫೈರ್’ 71, 06, 50, 79 ಆಗುತ್ತದೆ. ‘ಹೆಲ್ಪ್’ 76, 79, 38, 73 ಆಗುತ್ತದೆ. ಈ ಸಂಖ್ಯೆಗಳನ್ನು ಮ್ಯಾನುಯಲ್‌ನಿಂದ ಎತ್ತಿ ಬರೆದವರಿಗೆ ಕಾರ್ಡು ಬದಲಾದರೆ ಕೈಕಟ್ಟುತ್ತದೆ, ಏಕೆಂದರೆ ಬೇರೆ ಬಗೆಯ ಡಿಸ್‌ಪ್ಲೇಯಲ್ಲಿ ಸೊನ್ನೆ ಕೊಟ್ಟ ಕಡ್ಡಿಯೇ ಉರಿಯುತ್ತದೆ, ಒಂದು ಕೊಟ್ಟದ್ದು ಆರುತ್ತದೆ. ತಾವೇ ಕಡ್ಡಿ ಕೂಡಿಸಿದವರು ಎಲ್ಲವನ್ನೂ ತಿರುವು ಮಾಡಿ ಐದು ನಿಮಿಷದಲ್ಲಿ ಮುಂದೆ ಹೋಗುತ್ತಾರೆ.

ಲಿಫ್ಟಿನ ಪ್ರಶ್ನೆಯ ಬಗ್ಗೆ ನನ್ನ ತಕರಾರಿದೆ. ತರ್ಕ ಚೆನ್ನಾಗಿದೆ, ಕಲಿಯಬೇಕಾದದ್ದು ಅದರಲ್ಲಿದೆ. ಆದರೆ ಹಳ್ಳಿಯಿಂದ ಬಂದ ಅನೇಕ ಮಕ್ಕಳು ಲಿಫ್ಟ್ ಹತ್ತಿರುವುದಿಲ್ಲ. ಕರೆ ಬಂದದ್ದನ್ನು ಎಷ್ಟು ಹೊತ್ತು ನೆನಪಿಡಬೇಕು, ಎರಡು ಕರೆ ಒಟ್ಟಿಗೆ ಬಂದರೆ ಯಾರಿಗೆ ಮೊದಲ ಮನ್ನಣೆ ಎಂಬುದು ಅನುಭವದಿಂದ ಗೊತ್ತಿಲ್ಲದಿದ್ದರೆ ಅದು ಬಾಯಿಪಾಠದ ಪ್ರೋಗ್ರಾಮೇ ಆಗುತ್ತದೆ. ರೆಕಾರ್ಡ್ ಪುಸ್ತಕ ನಕಲಾಗುವುದು ಸೋಮಾರಿತನದಿಂದ ಮಾತ್ರವಲ್ಲ; ಪ್ರಶ್ನೆ ತನ್ನದು ಅನ್ನಿಸದಾಗಲೂ ಹಾಗಾಗುತ್ತದೆ.

ಇನ್ನೊಂದು ತೊಡಕು ಕಂಪ್ಯೂಟರಿನದು. 8086 ಪ್ರೋಗ್ರಾಮುಗಳನ್ನು ಡಾಸ್ ಕಾಲದ ಮ್ಯಾಸ್ಮ್ ಅಸೆಂಬ್ಲರಿನಲ್ಲಿ ಬರೆದು, ಪಿಸಿಗೆ ಸಿಕ್ಕಿಸಿದ ಕಾರ್ಡಿನ ಮೂಲಕ ಹೊರಗಿನ ದೀಪ ಮೋಟರುಗಳನ್ನು ನಡೆಸುವ ಪದ್ಧತಿ ಬಹುಕಾಲ ನಡೆಯಿತು. 64 ಬಿಟ್ ವಿಂಡೋಸ್ ಬಂದ ಮೇಲೆ 16 ಬಿಟ್ ಪ್ರೋಗ್ರಾಮುಗಳು ಅದರಲ್ಲಿ ಓಡುವುದೇ ನಿಂತಿತು. ಡಾಸ್‌ಬಾಕ್ಸ್ ಹಾಕಿ ಕೂಡಿಸು ಕಳೆ ಮಾಡಬಹುದು, ಆದರೆ ಕಾರ್ಡು ಮಾತಾಡುವುದಿಲ್ಲ. ಪ್ರೋಗ್ರಾಮಿಂಗ್ ಉಳಿದು ಇಂಟರ್‌ಫೇಸಿಂಗ್ ಬಿಟ್ಟುಹೋದದ್ದಕ್ಕೆ ಇದೂ ಒಂದು ಕಾರಣ. ಮುಂದಿನ ಸ್ಕೀಮುಗಳಲ್ಲಿ ಎಆರ್‌ಎಂ ಪ್ರೊಸೆಸರ್ ಪಠ್ಯಕ್ಕೆ ಸೇರಿತು. ಒಳ್ಳೆಯ ಬದಲಾವಣೆ, ಕೈಯಲ್ಲಿರುವ ಫೋನಿನ ಒಳಗಿರುವುದೂ ಆ ವಂಶದ್ದೇ.

ಇದರ ನಡುವೆ ಆರ್ಡುಯಿನೊ ಬಂದು ಎಲ್ಲವನ್ನೂ ಸಲೀಸು ಮಾಡಿತು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿನ್ಯಾಸ ಕಲಿಯುವವರಿಗಾಗಿ ಹುಟ್ಟಿದ ಈ ಬೋರ್ಡು ಇವತ್ತು ಪ್ರಾಜೆಕ್ಟ್ ಮಾಡುವ ಹುಡುಗರಿಗೆಲ್ಲ ಗೊತ್ತು. 13ನೇ ಪಿನ್ ಹೊತ್ತಿಸು ಎಂದರೆ ಹೊತ್ತುತ್ತದೆ. ಕೆಲವು ಮೇಷ್ಟ್ರುಗಳಿಗೆ ಇದರ ಮೇಲೆ ಸಿಟ್ಟು, ಹುಡುಗರಿಗೆ ಕಿಟ್ಟಿನ ಮೇಲೆ ಸಿಟ್ಟು. ಎರಡೂ ಬೇಡ. 13ನೇ ಪಿನ್ ಎಂದರೆ ಒಳಗೆ ಪೋರ್ಟ್ ಬಿಯ ಐದನೇ ಬಿಟ್; ಅದು ಹೊರಕ್ಕೆ ಹೇಳುವ ಪಿನ್ ಎಂದು ಮೊದಲು ಒಂದು ರಿಜಿಸ್ಟರಿಗೆ ಬರೆಯಬೇಕು, ಆಮೇಲೆ ಇನ್ನೊಂದು ರಿಜಿಸ್ಟರಿಗೆ ಒಂದು ಎಂದು ಬರೆಯಬೇಕು. 8255ರ ಕಂಟ್ರೋಲ್ ವರ್ಡ್ ತಿಳಿದವರಿಗೆ ಇದು ಹಳೆಯ ಪರಿಚಯವೇ. ಕಿಟ್ಟಿನಲ್ಲಿ ಕಲಿತು ಆರ್ಡುಯಿನೊದಲ್ಲಿ ಕಟ್ಟಿದವರು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕಬಲ್ಲರು.

ಆಟೋನಗರದಿಂದ ಬೋರ್‌ವೆಲ್‌ವರೆಗೆ

ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದನ್ನು ಹಾದು ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಕಡೆಗೆ ಹೋಗುತ್ತದೆ. ಲಾರಿಯವರಿಗೆಲ್ಲ ಗೊತ್ತಿರುವ ದಾರಿ. ಬಸವಕಲ್ಯಾಣದ ಆಟೋನಗರ ಲಾರಿ ರಿಪೇರಿಗೆ, ಬಾಡಿ ಕಟ್ಟುವುದಕ್ಕೆ ಹೆಸರಾದದ್ದು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮಿಸ್ತ್ರಿಗಳ ಜಾಗ ಅದು. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಯಾಯಿತು. ಅದರ ನಂತರದ ಲಾರಿಗಳಲ್ಲಿ ಡೀಸೆಲ್ ಯಾವಾಗ, ಎಷ್ಟು ಚಿಮ್ಮಬೇಕು ಎಂಬುದನ್ನು ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ ನಿರ್ಧರಿಸುತ್ತದೆ. ಕ್ರ್ಯಾಂಕ್ ತಿರುಗುವ ಸೆನ್ಸರ್, ಒತ್ತಡದ ಸೆನ್ಸರ್, ಹೊಗೆಕೊಳವೆಯ ಬಿಸಿ ಅಳೆಯುವ ಸೆನ್ಸರ್ ಒಳಕ್ಕೆ ಹೇಳುತ್ತವೆ. ಇಂಜೆಕ್ಟರುಗಳು ಇಸಿಯು ಹೇಳಿದ್ದನ್ನು ಕೇಳುತ್ತವೆ. ಮಿಸ್ತ್ರಿ ಈಗ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದಬೇಕು.

ಸ್ಕ್ಯಾನರ್ ‘ಸೆನ್ಸರ್ ಸಿಗ್ನಲ್ ಇಲ್ಲ’ ಎನ್ನುತ್ತದೆ. ಸೆನ್ಸರ್ ಸತ್ತಿದೆಯೋ, ವೈರು ಉಜ್ಜಿ ತುಂಡಾಗಿದೆಯೋ, ಕನೆಕ್ಟರಿನಲ್ಲಿ ನೀರು ಕೂತಿದೆಯೋ ಅದು ಹೇಳುವುದಿಲ್ಲ. ಇಲ್ಲಿ ಬೇಕಾದದ್ದು ಇಂಟರ್‌ಫೇಸಿಂಗ್ ಜ್ಞಾನ: ಈ ಕಾಲಿನಲ್ಲಿ ಎಷ್ಟು ವೋಲ್ಟ್ ಇರಬೇಕು, ಇಂಜಿನ್ ತಿರುಗಿದಾಗ ಅದು ಹೇಗೆ ಏರಿಳಿಯಬೇಕು. ಹತ್ತಿರದಲ್ಲೇ ಇಂಜಿನಿಯರಿಂಗ್ ಕಾಲೇಜು ಇದೆ, ಇಲ್ಲಿ ಆಟೋನಗರ ಇದೆ. ವರ್ಷಕ್ಕೆ ಒಂದು ವಾರ ಎರಡನೇ ವರ್ಷದ ಮಕ್ಕಳು ಆಸಿಲೊಸ್ಕೋಪ್ ಹಿಡಿದು ಗ್ಯಾರೇಜಿನಲ್ಲಿ ನಿಂತರೆ ಮಿಸ್ತ್ರಿಗಳಿಗೂ ಲಾಭ, ಮಕ್ಕಳಿಗಂತೂ ಯಾವ ಮ್ಯಾನುಯಲ್ಲೂ ಕೊಡದ ಪಾಠ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದ ಹುಡುಗರು ಇಂಥಲ್ಲಿ ಮುಂದೆ ನಿಲ್ಲುತ್ತಾರೆ. ಅವರ ಕೈಗೆ ಸೋಲ್ಡರಿಂಗ್ ಹೊಸದಲ್ಲ.

ಇನ್ನು ಹೊಲದ ಮಾತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ, ಎಷ್ಟೋ ಸಲ ರಾತ್ರಿ. ಹಾವು ಹುಳದ ಭಯದಲ್ಲಿ ಬ್ಯಾಟರಿ ಹಿಡಿದು ಬೋರ್‌ವೆಲ್‌ವರೆಗೆ ನಡೆಯುವುದನ್ನು ತಪ್ಪಿಸಿಕೊಳ್ಳಲು ರೈತರು ಆಟೋ ಸ್ಟಾರ್ಟರ್ ಹಾಕಿಕೊಳ್ಳುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಶುರು. ತೊಂದರೆ ಏನೆಂದರೆ, ಒಂದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೆಳಗಿನ ಎಲ್ಲ ಮೋಟರುಗಳೂ ಒಂದೇ ಗಳಿಗೆಯಲ್ಲಿ ಶುರುವಾಗುತ್ತವೆ. ಶುರುವಾಗುವಾಗ ಮೋಟರ್ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು. ಟಿ.ಸಿ. ಸುಟ್ಟರೆ ಬೆಳೆ ಒಣಗುತ್ತದೆ. ಮೊಬೈಲಿನಿಂದ ನಡೆಯುವ ಸ್ಟಾರ್ಟರುಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ಅದರ ಒಳಗಿರುವುದು ಎರಡನೇ ವರ್ಷದ ಲ್ಯಾಬಿನ ಪಾಠಗಳೇ ಎಂದು ಆ ರೈತನ ಮಗನಿಗೋ ಮಗಳಿಗೋ ಗೊತ್ತಾಗಬೇಕು.

ಸ್ಟಾರ್ಟರಿನ ಒಳಗಿನ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪಿನ ಒಂದು ಪಿನ್ ಕೆಲವು ಮಿಲಿಆಂಪಿಯರ್ ಕೊಡಬಲ್ಲದು. 5 ಎಚ್‌ಪಿ ಮೋಟರಿಗೆ 415 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಬೇಕು. ನಡುವಿನ ದೂರ ಒಂದೇ ನೆಗೆತಕ್ಕೆ ದಾಟುವಂಥದ್ದಲ್ಲ. ಪಿನ್ ಒಂದು ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ. ಟ್ರಾನ್ಸಿಸ್ಟರ್ ರಿಲೇಯನ್ನು, ರಿಲೇ ಕಾಂಟ್ಯಾಕ್ಟರನ್ನು, ಕಾಂಟ್ಯಾಕ್ಟರ್ ಮೋಟರನ್ನು. ರಿಲೇಯ ಸುರುಳಿಗೆ ತಿರುವಾಗಿ ಒಂದು ಡಯೋಡ್ ಹಾಕದಿದ್ದರೆ, ಅದು ಆಫ್ ಆಗುವ ಕ್ಷಣದಲ್ಲಿ ಏಳುವ ವೋಲ್ಟೇಜ್ ಟ್ರಾನ್ಸಿಸ್ಟರನ್ನು ಸುಡುತ್ತದೆ. ಕಾಂಟ್ಯಾಕ್ಟರ್ ಬಿಟ್ಟಾಗ ಹಾರುವ ಕಿಡಿಯಿಂದ ಬೋರ್ಡು ತಬ್ಬಿಬ್ಬಾಗಿ ನಿಂತುಬಿಡುವುದುಂಟು. ಅದಕ್ಕೆ ವಾಚ್‌ಡಾಗ್ ಟೈಮರ್ ಬೇಕು. ಪ್ರೋಗ್ರಾಮ್ ಆಗಾಗ ‘ನಾನಿದ್ದೇನೆ’ ಎಂದು ಅದಕ್ಕೆ ತಿಳಿಸುತ್ತಿರಬೇಕು, ತಿಳಿಸದಿದ್ದರೆ ಅದು ರೀಸೆಟ್ ಮಾಡುತ್ತದೆ. ಸ್ಟಾರ್ಟರಿನ ಗುಂಡಿಯೂ ಒಂದೇ ಸಲ ಒತ್ತಿದ್ದನ್ನು ಹಲವು ಸಲ ಹೇಳುತ್ತದೆ, ಲೋಹದ ತುದಿಗಳು ನೆಲಕ್ಕೆ ಬಿದ್ದ ಚೆಂಡಿನಂತೆ ಪುಟಿಯುವುದರಿಂದ. ಮೊದಲ ಸದ್ದು ಕೇಳಿ 20 ಮಿಲಿಸೆಕೆಂಡ್ ಕಾದು ಮತ್ತೆ ನೋಡಬೇಕು.

ನೀರು ತೀರಿದರೆ ಮೋಟರಿನ ಹೊರೆ ಇಳಿದು ಕರೆಂಟ್ ಕಡಿಮೆಯಾಗುತ್ತದೆ. ಕರೆಂಟ್ ಟ್ರಾನ್ಸ್‌ಫಾರ್ಮರಿನಿಂದ ಅದನ್ನು ಅಳೆದು ಎಡಿಸಿಗೆ ಕೊಟ್ಟರೆ ಬೋರ್‌ವೆಲ್ ಬತ್ತಿದ್ದು ಮೇಲೆ ಕುಳಿತೇ ಗೊತ್ತಾಗುತ್ತದೆ. ಒಂದು ಫೇಸ್ ಹೋದರೆ ವೈಂಡಿಂಗ್ ಸುಡುತ್ತದೆ, ಆಗಲೂ ನಿಲ್ಲಿಸಬೇಕು. ಕರೆಂಟ್ ಮರಳಿದಾಗ ಪ್ರತಿ ಪಂಪೂ ತನ್ನದೇ ಯಾದೃಚ್ಛಿಕ ಅವಧಿ ಕಾದು ಶುರುವಾದರೆ ಟಿ.ಸಿ. ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಪ್ರೋಗ್ರಾಮಿನ ನಾಲ್ಕಾರು ಸಾಲು. ಇದನ್ನು ಕಲಿಯುವವರು ಲ್ಯಾಬಿನಲ್ಲಿ 12 ವೋಲ್ಟಿನ ಬಲ್ಬುಗಳನ್ನೇ ಮೋಟರ್ ಎಂದುಕೊಂಡು ಮಾಡಬೇಕು. 415 ವೋಲ್ಟಿನ ಹತ್ತಿರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಇಲ್ಲದೆ ಯಾವ ವಿದ್ಯಾರ್ಥಿಯೂ ಕೈ ಹಾಕಬಾರದು.

ಪೆಟ್ಟಿಗೆಯ ಮೇಲೆ ಕನ್ನಡ ಬರಬೇಕಲ್ಲ? ಎಲ್ಲರೂ ಬಳಸುವ 16 ಅಕ್ಷರ, 2 ಸಾಲಿನ ಎಲ್‌ಸಿಡಿಯ ಒಳಗೆ ಇಂಗ್ಲಿಷ್ ಇದೆ, ಎಷ್ಟೋ ಮಾದರಿಗಳಲ್ಲಿ ಜಪಾನಿ ಅಕ್ಷರಗಳೂ ಇವೆ, ಕನ್ನಡವಿಲ್ಲ. ಆದರೆ ನಾವೇ ಬರೆದುಕೊಳ್ಳಲು ಎಂಟು ಅಕ್ಷರಗಳ ಜಾಗ ಖಾಲಿ ಬಿಟ್ಟಿದ್ದಾರೆ. ಒಂದೊಂದೂ ಅಡ್ಡ 5, ಉದ್ದ 8 ಚುಕ್ಕೆ. ‘ನೀರಿಲ್ಲ’ ಎಂಬುದಕ್ಕೆ ಒಂದೊಂದು ಅಕ್ಷರಕ್ಕೆ ಎರಡು ಮನೆ ಹಿಡಿದರೂ ಎಂಟರೊಳಗೆ ಮುಗಿಯುತ್ತದೆ. ಗ್ರಾಫ್ ಹಾಳೆಯ ಮೇಲೆ ಚುಕ್ಕೆ ತುಂಬಿ, ಸಾಲು ಸಾಲಾಗಿ ಸಂಖ್ಯೆ ಮಾಡಿ, ಮೆಮೊರಿಗೆ ಹಾಕಬೇಕು. ಒಂದು ಸಂಜೆಯ ಕೆಲಸ. ಓದಲು ಅಷ್ಟಿಷ್ಟು ಬರುವ ಅಜ್ಜನಿಗೂ ಅದು ತಿಳಿಯುತ್ತದೆ.

ಭಾಷೆಯ ತೊಡಕು ವಿದ್ಯಾರ್ಥಿಗೂ ಇದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ ಬಂದವರು ಇಂಗ್ಲಿಷ್ ಪಠ್ಯದ ಮುಂದೆ ಮೊದಲ ವರ್ಷ ಬಾಯಿ ಕಟ್ಟಿ ಕೂರುತ್ತಾರೆ. 2021-22ರಿಂದ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ಕನ್ನಡದಲ್ಲಿ ಸೇರುವವರು ವಿರಳ. ಕೆಲಸ ಸಿಗುವುದೇ ಎಂಬ ಅಳುಕು ಸಹಜ. ಈ ಲ್ಯಾಬು ಮಾತ್ರ ಆ ಮಕ್ಕಳಿಗೆ ಒಂದು ಒಳ್ಳೆಯ ಜಾಗ. ಬೀದರಿನ ಲ್ಯಾಬುಗಳಲ್ಲಿ ಕನ್ನಡ, ದಖನಿ, ಮರಾಠಿ ಮೂರೂ ಬೆರೆತು ಓಡಾಡುತ್ತವೆ, ಕಿಟ್ಟಿಗೆ ಅದರ ಹಂಗಿಲ್ಲ. ವೈವಾದಲ್ಲಿಯೂ ಎಕ್ಸ್‌ಟರ್ನಲ್ ಆಗಿ ಬಂದವರು ‘ನಿಮಗೆ ಬಂದ ಭಾಷೆಯಲ್ಲಿ ವೈರು ತೋರಿಸಿ ಹೇಳಿ’ ಎಂದರೆ ಇಂಗ್ಲಿಷಿನಲ್ಲಿ ತಡವರಿಸಿದ ಹುಡುಗಿ ಸಿಗ್ನಲ್ಲಿನ ಇಡೀ ದಾರಿಯನ್ನು ಬೆರಳಿಟ್ಟು ವಿವರಿಸಬಲ್ಲಳು. ಅಂಕ ಕೊಡಬೇಕಾದದ್ದು ಅದಕ್ಕೆ.

ಹಾಗಾಗಿ ಲಿಫ್ಟಿನಂಥ ಪ್ರಶ್ನೆಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಲ್ಯಾಬ್ ಪರೀಕ್ಷೆಯ ಪಟ್ಟಿಗೆ ಸೇರಿಸಿ ಎಂದು ಈ ಭಾಗದ ಅಧ್ಯಾಪಕರಲ್ಲಿ ನನ್ನ ಕೋರಿಕೆ. ಕಾರ್ಡು ಹೊಸದು ಬೇಕಿಲ್ಲ, ಇರುವ ಸ್ವಿಚ್ಚು ದೀಪಗಳೇ ಸಾಕು. ಪ್ರಶ್ನೆ ಹೀಗಿರಲಿ: ಮೂರು ಸ್ವಿಚ್ಚುಗಳು ಮೂರು ಫೇಸ್‌ಗಳನ್ನು, ನಾಲ್ಕನೆಯದು ಬೋರ್‌ವೆಲ್ಲಿನ ನೀರನ್ನು ಸೂಚಿಸುತ್ತವೆ. ಮೂರೂ ಫೇಸ್ ಬಂದ ಮೇಲೆ 5ರಿಂದ 60 ಸೆಕೆಂಡಿನೊಳಗಿನ ಯಾವುದಾದರೂ ಒಂದು ಅವಧಿ ಕಾದು ಮೋಟರಿನ ದೀಪ ಹೊತ್ತಿಸಿ. ಯಾವುದೇ ಫೇಸ್ ತಪ್ಪಿದರೆ ಕೂಡಲೇ ಆರಿಸಿ. ನೀರು ನಿಂತರೆ ಆರಿಸಿ, ಅರ್ಧ ಗಂಟೆಯವರೆಗೆ ಮತ್ತೆ ಹೊತ್ತಿಸಬೇಡಿ. ಪರೀಕ್ಷೆಯ ಅನುಕೂಲಕ್ಕೆ ಅರ್ಧ ಗಂಟೆಯನ್ನು 30 ಸೆಕೆಂಡ್ ಎಂದು ತಿಳಿಯಿರಿ. ಕಾಯುವ ಅವಧಿ ಒಂದೊಂದು ಪಂಪಿಗೂ ಬೇರೆಯಾಗಿರಬೇಕಾದ ಕಾರಣವನ್ನು ಎರಡು ವಾಕ್ಯದಲ್ಲಿ, ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ.